ಒಂದೇ ಬೂಸ್ಟ್ ಕನ್ವರ್ಟರ್, ಮೂರು ಸಿಮ್ಯುಲೇಟರ್: ಪ್ಲೆಕ್ಸ್, ಸಿಮುಲಿಂಕ್, ಎಲ್‌ಟಿಸ್ಪೈಸ್

12 ವೋಲ್ಟ್ ಬ್ಯಾಟರಿಯಿಂದ 24 ವೋಲ್ಟ್ 2 ಆಂಪ್ ತೆಗೆಯೋ ಬೂಸ್ಟ್ ಕನ್ವರ್ಟರ್ (ವೋಲ್ಟೇಜ್ ಏರಿಸೋ ಸರ್ಕ್ಯೂಟ್) ಒಂದನ್ನ ಮೂರು ಸಾಫ್ಟ್‌ವೇರಲ್ಲಿ ಓಡಿಸಿ, ಆಮೇಲೆ ಬೋರ್ಡೂ ಮಾಡಿ ನೋಡ್ದೆ. ಸ್ವಿಚಿಂಗ್ 100 ಕಿಲೋಹರ್ಟ್ಸ್, ಇಂಡಕ್ಟರ್ 47 ಮೈಕ್ರೋಹೆನ್ರಿ, ಔಟ್‌ಪುಟ್ ಕೆಪಾಸಿಟರ್ 220 ಮೈಕ್ರೋಫ್ಯಾರಡ್. ಕೈಲೆಕ್ಕದಲ್ಲಿ ಇಂಡಕ್ಟರ್ ರಿಪಲ್ (ಕರೆಂಟಿನ ಏರಿಳಿತ) 1.28 ಆಂಪ್, ಮೂರರಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಂತು. ಇಷ್ಟನ್ನೇ ನೋಡೋದಾದ್ರೆ ಯಾವ್ದಾದ್ರೂ ನಡಿಯತ್ತೆ.

ಔಟ್‌ಪುಟ್ ನೋಡ್ಕೊಂಡು ಸ್ವಿಚ್ಚನ್ನ ತಿದ್ದೋ ಕಂಟ್ರೋಲ್ ಲೂಪ್‌ಗೆ ಬಂದ್ರೆ ನನಗೆ ಪ್ಲೆಕ್ಸೇ ಇಷ್ಟ. ಅದ್ರಲ್ಲಿ ಸ್ವಿಚ್ ಅಂದ್ರೆ ಐಡಿಯಲ್, ಆನ್ ಇಲ್ಲಾ ಆಫ್ ಅಷ್ಟೇ, ಅದಕ್ಕೇ 50 ಮಿಲಿಸೆಕೆಂಡ್ ಸಿಮ್ಯುಲೇಶನ್ ಒಂದು ಗುಟುಕು ಕಾಫಿ ಕುಡಿಯೋದ್ರೊಳಗೆ ಮುಗಿಯತ್ತೆ, ಗೇನ್ ಬದಲಾಯಿಸು ಓಡಿಸು, ಬದಲಾಯಿಸು ಓಡಿಸು ಅಂತ ಕೂರಬಹುದು. ಮೊದ್ಲು ಆಸೆಬುರುಕನ ತರ ಲೂಪಿನ ವೇಗದ ಮಿತಿ, ಅಂದ್ರೆ ಕ್ರಾಸ್‌ಓವರ್ 8 ಕಿಲೋಹರ್ಟ್ಸ್‌ಗೆ ಇಟ್ಟಿದ್ದೆ, ಲೋಡ್ ಸ್ಟೆಪ್ (ಲೋಡನ್ನ ದಿಢೀರ್ ಬದಲಾಯಿಸೋದು) ಕೊಟ್ಟಿದ್ದೇ ತಡ ಔಟ್‌ಪುಟ್ ಉಯ್ಯಾಲೆ ಆಡೋಕೆ ಶುರು. ಬೂಸ್ಟಲ್ಲಿ ಡ್ಯೂಟಿ ಏರಿಸಿದ್ರೆ ಸ್ವಿಚ್ ಜಾಸ್ತಿ ಹೊತ್ತು ಆನ್ ಇರತ್ತೆ, ಡಯೋಡ್ ಮೂಲಕ ಔಟ್‌ಪುಟ್‌ಗೆ ಹೋಗೋ ಕರೆಂಟ್ ಆ ಕ್ಷಣಕ್ಕೆ ಕಮ್ಮಿ ಆಗತ್ತೆ, ಅಂದ್ರೆ ವೋಲ್ಟೇಜ್ ಮೊದ್ಲು ಕುಸಿದು ಆಮೇಲೆ ಏರತ್ತೆ. ಇದೇ ರೈಟ್ ಹಾಫ್ ಪ್ಲೇನ್ ಝೀರೋ, ನನ್ನ ಲೆಕ್ಕದಲ್ಲಿ ಅದು 10 ಕಿಲೋಹರ್ಟ್ಸ್ ಹತ್ರ ಕೂತಿತ್ತು, ನನ್ನ 8 ಅದಕ್ಕೆ ತೀರಾ ಪಕ್ಕ. ಕ್ರಾಸ್‌ಓವರ್ 2ಕ್ಕೆ ಇಳಿಸಿದ್ಮೇಲೆ ತೆಪ್ಪಗಾಯ್ತು. ಟ್ರಯಲ್ ಲೈಸೆನ್ಸ್ ಮುಗಿದ್ಮೇಲೆ ಕಾಸು ಬಿಚ್ಬೇಕು, ಅದೊಂದೇ ತಕರಾರು.

ಸಿಮುಲಿಂಕ್ ನನ್ನಂಥೋರಿಗೆ ಭಾರ, ಓಪನ್ ಆಗೋದೇ ನಿಧಾನ. ಆದ್ರೆ ಕಂಟ್ರೋಲರ್ ಮೈಕ್ರೋಕಂಟ್ರೋಲರ್ ಒಳಗೆ ಹೋಗೋದಿದ್ರೆ, ಸಿ ಕೋಡ್ ಅಲ್ಲಿಂದ್ಲೇ ಬೇಕು ಅಂದ್ರೆ ಸುಖ. ಸ್ಯಾಂಪ್ಲಿಂಗ್ ಡಿಲೇ (ಅಳೆದು ಲೆಕ್ಕ ಹಾಕೋಕೆ ಆಗೋ ತಡ) ಹಾಕೋದನ್ನ ಮಾತ್ರ ಮರೀಬೇಡಿ. ಒಂದೂವರೆ ಸೈಕಲ್ ಅಂದ್ರೆ 15 ಮೈಕ್ರೋಸೆಕೆಂಡ್, 2 ಕಿಲೋಹರ್ಟ್ಸಲ್ಲಿ ಸುಮಾರು 11 ಡಿಗ್ರಿ ಫೇಸ್, ಅಂದ್ರೆ ಲೂಪ್ ಉಯ್ಯಾಲೆ ಆಡದ ಹಾಗೆ ಕಾಯೋ ಅಂತರ, ಅಲ್ಲೇ ಹೋಯ್ತು.

ಇನ್ನು ಎಲ್‌ಟಿಸ್ಪೈಸ್. ಪೂರ್ತಿ ಫ್ರೀ, ಆದ್ರೆ ಕ್ಲೋಸ್ಡ್ ಲೂಪ್ ಹಾಕಿ ಅದೇ 50 ಮಿಲಿಸೆಕೆಂಡ್ ಓಡಿಸಿದ್ರೆ ಊಟ ಮಾಡ್ಕೊಂಡು ಬರಬಹುದು. ಹಾಗಂತ ನಾನು ಇದನ್ನ ಬಿಟ್ಟಿದ್ದೇ ತಪ್ಪಾಯ್ತು. ಪ್ಲೆಕ್ಸಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಂಗಿದ್ದ ಸ್ಕ್ವೇರ್ ವೇವ್ ನಂಬ್ಕೊಂಡು 40 ವೋಲ್ಟ್ ತಡಿಯೋ ಮಾಸ್‌ಫೆಟ್ (ಸ್ವಿಚ್ ಆಗಿ ಕೆಲಸ ಮಾಡೋ ಟ್ರಾನ್ಸಿಸ್ಟರ್) ಹಾಕ್ದೆ, ಬೋರ್ಡಲ್ಲಿ ಆಸಿಲೋಸ್ಕೋಪ್ ಇಟ್ರೆ ಸ್ಪೈಕ್ 38! ಪ್ರೋಬಿನ ಉದ್ದನೆ ಗ್ರೌಂಡ್ ವೈರ್ ತೆಗೆದು ಪುಟ್ಟ ಸ್ಪ್ರಿಂಗ್ ಹಾಕಿ ನೋಡಿದ್ರೂ 36. ಆಮೇಲೆ ಎಲ್‌ಟಿಸ್ಪೈಸಲ್ಲಿ ಮಾಸ್‌ಫೆಟ್ಟಿನ ನಿಜವಾದ ಮಾಡೆಲ್ ಹಾಕಿ, ಬೋರ್ಡಿನ ತಾಮ್ರದ ಟ್ರ್ಯಾಕಿಗೆ ಅಂತ 10 ನ್ಯಾನೋಹೆನ್ರಿ ಸೇರಿಸ್ದೆ, ಬೋರ್ಡಲ್ಲಿ ಕಂಡ ಅದೇ ಸ್ಪೈಕಿನ ನಡುಕ, ರಿಂಗಿಂಗ್, ಸ್ಕ್ರೀನ್ ಮೇಲೆ ಕುಣೀತಿತ್ತು. ಅಲ್ಲೇ ಆ ನಡುಕ ಹೀರೋ ಸ್ನಬ್ಬರ್ ಹೊಂದಿಸ್ದೆ, 4.7 ಓಮ್ ಜೊತೆ 2.2 ನ್ಯಾನೋಫ್ಯಾರಡ್, ಬೋರ್ಡಲ್ಲೂ ಸ್ಪೈಕ್ 29ಕ್ಕೆ ಇಳೀತು.

ಖುಷೀಲಿ ಕೈಗೆ ಸಿಕ್ಕಿದ 0805 ಸೈಜಿನ ಪುಟ್ಟ ರೆಸಿಸ್ಟರ್ ಬೆಸುಗೆ ಹಾಕಿಬಿಟ್ಟಿದ್ದೆ. ಆ ಸ್ನಬ್ಬರಲ್ಲಿ ಸುಡೋದು 0.13 ವ್ಯಾಟ್, ಆ ರೆಸಿಸ್ಟರ್ ತಡಿಯೋದು 0.125. ಎಲ್‌ಟಿಸ್ಪೈಸಲ್ಲಿ ಆಲ್ಟ್ ಒತ್ತಿ ರೆಸಿಸ್ಟರ್ ಮೇಲೆ ಕ್ಲಿಕ್ ಮಾಡಿದ್ರೆ ಪವರ್ ಎಷ್ಟು ಅಂತ ಅದೇ ತೋರಿಸತ್ತೆ, ನಾನು ನೋಡಿದ್ದು ರೆಸಿಸ್ಟರ್ ಸುತ್ತ ಬೋರ್ಡ್ ಕಂದುಬಣ್ಣಕ್ಕೆ ತಿರುಗಿದ್ಮೇಲೆ.