ಆ್ಯಪ್, ಯೋಗನಿದ್ರಾ ವಿಡಿಯೋ, ಎರಡು ದಿನದ ಕ್ಲಾಸು, ಗೋಡೆ ಗಡಿಯಾರ: ನಾಲ್ಕೂ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಟೆನ್ಷನ್ ಇಳಿಸೋ ಉಸಿರಾಟ, ಧ್ಯಾನಕ್ಕೆ ಅಂತ ನೋಡಿದ ಈ ನಾಲ್ಕರಲ್ಲಿ ಗೆದ್ದಿದ್ದು ನಮ್ಮ ಅಡುಗೆಮನೆ ಗೋಡೆ ಮೇಲಿರೋ ಹಳೇ ಗಡಿಯಾರ. ಅಲ್ಲಿಗೆ ಬಂದು ಸೇರೋ ಅಷ್ಟ್ರಲ್ಲಿ ಒಂದು ಆ್ಯಪ್‌ಗೆ 2,799, ಒಂದು ಕ್ಲಾಸಿಗೆ 1,500 ಕೈಬಿಟ್ಟೋಗಿದೆ, ಆ ಹೊಟ್ಟೆಉರೀಲೇ ಬರೀತಿದಾಳೆ ಅಂತ ನೀವು ಅಂದ್ಕೊಂಡ್ರೂ ತಪ್ಪೇನಿಲ್ಲ.

ನಾನು ಮೈಸೂರಲ್ಲಿ ಒಬ್ರು ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಕೆಲ್ಸ ಮಾಡ್ತೀನಿ. 11ನೇ ತಾರೀಖು ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ಲೆಕ್ಕ ಸಲ್ಲಿಸೋ ಕಡೇ ದಿನ, ಇವೆರಡರ ಮಧ್ಯೆ ನಮ್ಗೆ ಹಬ್ಬ ಹುಣ್ಣಿಮೆ ಅಂತ ಏನೂ ಇರಲ್ಲ, ಗಿರಾಕಿಗಳು ಬಿಲ್ಲಿನ ಕಟ್ಟು ತಂದು ಹಾಕೋದೇ 19ರ ಸಂಜೆ. ಹೋದ ವರ್ಷ ಅಂಥದ್ದೇ ಒಂದು 20ನೇ ತಾರೀಖು ರಾತ್ರಿ ಎದೆ ಡವಡವ ಅನ್ನೋದು ನಿಲ್ಲಲೇ ಇಲ್ಲ, 2 ಗಂಟೆ ಆದ್ರೂ ನಿದ್ದೆ ಹತ್ತಲಿಲ್ಲ. ಮಾರನೇ ದಿನ ಡಾಕ್ಟ್ರು ಇಸಿಜಿ ತೆಗ್ಸಿ ಸರಿಯಿದೆ ಅಂದ್ರು, ಬಿಪಿ ಮಾತ್ರ 138/88 ಇತ್ತು. ಮಾತ್ರೆ ಈಗ್ಲೇ ಬೇಡ, ಉಪ್ಪು ಕಮ್ಮಿ ಮಾಡಿ, ವಾಕಿಂಗ್ ಮಾಡಿ, ಉಸಿರಾಟ ಧ್ಯಾನ ಅಂತ ಏನಾದ್ರೂ ಮಾಡಿ ಅಂತ ಹೇಳಿ ಕಳ್ಸಿದ್ರು. ಆ "ಏನಾದ್ರೂ" ಹುಡುಕೋದ್ರಲ್ಲೇ ಎಂಟು ತಿಂಗಳು ಹೋಯ್ತು.

ಶುರು ಮಾಡಿದ್ದು ಆ್ಯಪಿಂದ. ಹೆಸ್ರು ಬೇಡ. 7 ದಿನ ಫ್ರೀ, ಆಮೇಲೆ ವರ್ಷದ ದುಡ್ಡು ಒಟ್ಟಿಗೆ ಕಟ್. ಏಳನೇ ದಿನ ಕ್ಯಾನ್ಸಲ್ ಮಾಡಿದ್ರಾಯ್ತು ಅಂತ ಯುಪಿಐ ಆಟೋಪೇ ಒತ್ಬಿಟ್ಟೆ. ದುಡ್ಡು ಹೋಗೋಕೆ 24 ಗಂಟೆ ಮುಂಚೆ ತಿಳಿಸ್ಬೇಕು ಅಂತ ರಿಸರ್ವ್ ಬ್ಯಾಂಕಿನ ರೂಲ್ಸ್ ಇದೆ, ಮೆಸೇಜೂ ಬಂದಿತ್ತು, ಆದ್ರೆ ಬಂದಿದ್ದು 19ಕ್ಕೆ. ಅವತ್ತು ದೇವ್ರೇ ಮೆಸೇಜ್ ಹಾಕಿದ್ರೂ ನಾನು ನೋಡಲ್ಲ. ಊರವ್ರ ಡ್ಯೂ ಡೇಟೆಲ್ಲ ನೆನಪಿಟ್ಕೊಳ್ಳೋದೇ ನನ್ನ ಕಸುಬು, ನಂದೇ ಡ್ಯೂ ಡೇಟ್ ಮರ್ತೆ. ಸರಿ, ಅದು ನನ್ನ ತಪ್ಪು, ಬಿಡಿ.

ನನ್ನ ತಪ್ಪಲ್ಲದ್ದು ಒಂದಿದೆ, ಅದನ್ನ ಹೇಳ್ಲೇಬೇಕು. ಉಸಿರಾಟ ಅಂತ ಒತ್ತಿದ್ರೆ ಆ್ಯಪ್ ಶುರು ಮಾಡೋದೇ 4-7-8 ಲೆಕ್ಕದಲ್ಲಿ. ಅಮೆರಿಕದ ಡಾಕ್ಟರ್ ಆ್ಯಂಡ್ರೂ ವೀಲ್ ಅನ್ನೋರು ಜನಪ್ರಿಯ ಮಾಡಿದ್ದು ಅದು, 4 ಎಣಿಸೋವರ್ಗೂ ಒಳಗೆ, 7 ತಡೆದು ಹಿಡಿ, 8ಕ್ಕೆ ಹೊರಗೆ. ಸೆಕೆಂಡಿನ ಲೆಕ್ಕ ಹಿಡಿದ್ರೆ ಒಂದು ಉಸಿರಿಗೆ 19 ಸೆಕೆಂಡ್, ನಿಮಿಷಕ್ಕೆ ಮೂರೇ ಉಸಿರು. ಸುಮ್ನೆ ಕೂತಿರೋ ಮನುಷ್ಯ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾನೆ, ನಾನಂತೂ ಟೆನ್ಷನ್ನಲ್ಲಿ 20ರ ಹತ್ರನೇ ಇರ್ತೀನಿ, ಅಲ್ಲಿಂದ ಒಂದೇ ಏಟಿಗೆ ಮೂರಕ್ಕೆ ಇಳಿ ಅಂದ್ರೆ ಹೆಂಗೆ? ಆ ಡಾಕ್ಟ್ರೇ ಹೇಳ್ತಾರೆ, ತಡೆಯೋಕಾಗ್ದಿದ್ರೆ ಬೇಗ ಬೇಗ ಎಣಿಸಿ, 4-7-8ರ ಪ್ರಮಾಣ ಕೆಡದಿದ್ರೆ ಸಾಕು ಅಂತ. ಆದ್ರೆ ಆ್ಯಪಿನ ಹೆಂಗಸಿಗೆ ಅದು ಗೊತ್ತಿಲ್ವಲ್ಲ. ಜೇನು ಸುರಿದ ಹಂಗೆ "ಹೋಲ್ಡ್..." ಅಂತಾಳೆ, ನಂಗೆ ಐದಕ್ಕೇ ಕಣ್ಣು ಕತ್ತಲೆ ಬರತ್ತೆ, ಕದ್ದು ಒಂದು ಉಸಿರು ಎಳ್ಕೊಂಡು ಅವಳು "ಎಕ್ಸ್‌ಹೇಲ್" ಅನ್ನಲಿ ಅಂತ ಕಾಯ್ತೀನಿ, ಅಷ್ಟ್ರಲ್ಲಿ ಎಲ್ಲಾ ಉಲ್ಟಾ, ಅವಳು ಒಳಗೆ ಅಂದಾಗ ನಾನು ಹೊರಗೆ. ಸ್ಕೂಲಲ್ಲಿ ಪಿಟಿ ಮೇಷ್ಟ್ರು ಲೆಫ್ಟ್ ರೈಟ್ ಅಂದ್ರೆ ಒಬ್ಳು ಮಾತ್ರ ರೈಟ್ ಲೆಫ್ಟ್ ಹಾಕ್ತಿರ್ತಾಳಲ್ಲ, ಆ ಥರ.

ಸೆಟ್ಟಿಂಗ್ಸಲ್ಲಿ 4-4 ಮಾಡ್ಕೋಬಹುದು ಅಂತ ಎರಡು ವಾರ ಆದ್ಮೇಲೆ ಗೊತ್ತಾಯ್ತು. ಮಾಡ್ಕೊಂಡೆ. ಮಾರನೇ ದಿನ ತೆಗೆದ್ರೆ ಮತ್ತೆ 4-7-8ಕ್ಕೇ ಹೋಗಿ ಕೂತಿದೆ. ದಿನಾ ಬೆಳಗ್ಗೆ ಮೂರು ಕಡೆ ಒತ್ತಿ, ಬದಲಾಯ್ಸಿ, ಆಮೇಲೆ ನೆಮ್ಮದಿಗೆ ಕೂರ್ಬೇಕು. ಇನ್ನು ಆ ಧ್ವನಿ ಬೇಡ ಅಂತ ತೆಗೆದ್ರೆ ಸ್ಕ್ರೀನ್ ಮೇಲೆ ಒಂದು ನೀಲಿ ಗುಂಡು ಹಿಗ್ಗತ್ತೆ ಕುಗ್ಗತ್ತೆ, ಅದನ್ನ ನೋಡ್ಕೊಂಡು ಉಸಿರಾಡ್ಬೇಕು, ಅಂದ್ರೆ ಕಣ್ಣು ಮುಚ್ಚೋ ಹಂಗಿಲ್ಲ, ದಿನವಿಡೀ ಸ್ಕ್ರೀನ್ ನೋಡಿ ಉರಿತಿರೋ ಕಣ್ಣನ್ನ ಮತ್ತೆ ಸ್ಕ್ರೀನಿಗೇ ಅಂಟಿಸ್ಬೇಕು. ವೈಬ್ರೇಷನ್ ಹಾಕ್ಕೋಬಹುದು ನಿಜ, ಆದ್ರೆ ರಾತ್ರಿ ಹೊತ್ತಿಗೆ ನನ್ನ ಫೋನಲ್ಲಿ ಚಾರ್ಜ್ ಇರೋದು 15 ಪರ್ಸೆಂಟು, ಪವರ್ ಸೇವಿಂಗ್ ಆನ್ ಆಗಿ ವೈಬ್ರೇಷನ್ ನಿಂತೋಗಿರತ್ತೆ, ಉಸಿರು ಒಳಗೆ ಎಳ್ಕೊಂಡು ಕಾಯ್ತಾ ಕೂತಿರ್ತೀನಿ, ಹೊರಗೆ ಬಿಡು ಅನ್ನೋರೇ ಇಲ್ಲ!

ಅದ್ರ ಮೇಲೆ ಸ್ಟ್ರೀಕು, ಅಂದ್ರೆ ಒಂದು ದಿನಾನೂ ತಪ್ಪಿಸ್ದೆ ಎಷ್ಟು ದಿನ ಮಾಡಿದೀವಿ ಅನ್ನೋ ಲೆಕ್ಕ. ರಾತ್ರಿ 9.30ಕ್ಕೆ ದೋಸೆ ಹಿಟ್ಟು ರುಬ್ತಿರೋವಾಗ "ನಿಮ್ಮ 11 ದಿನದ ಸ್ಟ್ರೀಕ್ ಮುರಿಯಲಿದೆ" ಅಂತ ನೋಟಿಫಿಕೇಷನ್. ನೆಮ್ಮದಿಗೂ ಲೇಟ್ ಫೀ ಹಾಕ್ತಾರಲ್ಲಪ್ಪ ಅನ್ನಿಸ್ತು. ಅದ್ರಲ್ಲಿ ಚೆನ್ನಾಗಿರೋದು ಮಳೆ ಸದ್ದು ಒಂದೇ, ಅದನ್ನ ಆಮೇಲೆ ಹೇಳ್ತೀನಿ.

ವಿಡಿಯೋಗಳು ಫ್ರೀ. ಯೋಗನಿದ್ರಾ ಅಂತ ಹುಡುಕಿದ್ರೆ ಕನ್ನಡದಲ್ಲೇ ಬೇಕಾದಷ್ಟು ಸಿಗ್ತವೆ, ಈಗ ನಾವು ಕೇಳೋ ಈ ಪದ್ಧತಿನ ರೂಪಿಸಿ ಹರಡಿದ್ದು ಬಿಹಾರದ ಮುಂಗೇರ್‌ನಲ್ಲಿ ಯೋಗಶಾಲೆ ಕಟ್ಟಿದ ಸ್ವಾಮಿ ಸತ್ಯಾನಂದ ಸರಸ್ವತಿ. ಶವಾಸನದಲ್ಲಿ ಮಲ್ಕೊಂಡು, ಒಂದು ಸಂಕಲ್ಪ ಮನಸ್ಸಲ್ಲಿ ಹೇಳ್ಕೊಂಡು, ಬಲಗೈ ಹೆಬ್ಬೆರಳಿಂದ ಶುರು ಮಾಡಿ ವಿಡಿಯೋದವ್ರು ಒಂದೊಂದೇ ಅಂಗದ ಹೆಸ್ರು ಹೇಳ್ದಂಗೆ ಮೈಯೆಲ್ಲಾ ಮನಸ್ಸಲ್ಲೇ ಸುತ್ತೋದು. ನಿಜವಾಗ್ಲೂ ಚೆನ್ನಾಗಿದೆ. ಇಲ್ಲಿ ಮಾತ್ರ ಇನ್ನೊಬ್ರ ಧ್ವನಿ ಬೇಕೇ ಬೇಕು, ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಅಂತ ನಾವೇ ಹೇಳ್ಕೊಳ್ಳೋಕೆ ಹೋದ್ರೆ ಮೊಣಕೈ ಹೊತ್ತಿಗೆ ನಾಳೆ ತಿಂಡಿ ಏನು ಅನ್ನೋದಕ್ಕೆ ಹೋಗಿರ್ತೀವಿ.

ಧ್ವನಿ ಸಿಗೋದೇ ಕಷ್ಟ. ಒಬ್ರು "ತಮ್ಮ ದಕ್ಷಿಣ ಪಾದದ ಅಂಗುಷ್ಠವನ್ನು ಅವಲೋಕಿಸಿ" ಅಂತಾರೆ, ಅದು ಕಾಲಿನ ಹೆಬ್ಬೆರಳು ಅಂತ ತಿಳ್ಕೊಳ್ಳೋ ಅಷ್ಟ್ರಲ್ಲಿ ಅವ್ರು ಮಂಡಿಗೆ ಹೋಗಿರ್ತಾರೆ. ಇಂಗ್ಲಿಷಿಂದು ಹಾಕಿದ್ರೆ ಹೊರಗೆ ಹಿಮ ಬೀಳ್ತಿದೆ, ನೀವು ಬೆಂಕಿ ಮುಂದೆ ಬೆಚ್ಚಗೆ ಕೂತಿದೀರ ಅಂತ ಊಹಿಸ್ಕೊಳ್ಳಿ ಅಂತಾರೆ, ಅದೂ ಏಪ್ರಿಲ್ ತಿಂಗಳಲ್ಲಿ, ಫ್ಯಾನ್ ಕೆಳಗೆ. ಕೊನೆಗೆ ಸಾದಾ ಕನ್ನಡ ಮಾತಾಡೋ ಒಬ್ರು ಸಿಕ್ರು, ಪಕ್ಕದ್ಮನೆ ಅಕ್ಕನ ಥರ. ಮೂರನೇ ದಿನ ಹೊಟ್ಟೆವರ್ಗೂ ಬಂದು ಪೂರ್ತಿ ಕರಗಿ ಹೋಗಿದ್ದೆ, ಆಗ ಏಕಾಏಕಿ ಚಿನ್ನದ ಸಾಲದ ಆ್ಯಡು, ಮದ್ವೆ ಓಲಗದ ಸಮೇತ. ನಾನು ಎದ್ದು ಕೂತಿದ್ದು ನೋಡಿ ನಮ್ಮನೆಯವ್ರು ಕುಕ್ಕರ್ ಸಿಡೀತು ಅಂದ್ಕೊಂಡು ಒಳಗೆ ಓಡಿದ್ರು.

ಕ್ಲಾಸು, ಶನಿವಾರ ಭಾನುವಾರ ಬೆಳಗ್ಗೆ ಎರಡೆರಡು ಗಂಟೆ. ಮೇಷ್ಟ್ರು ಒಳ್ಳೇವ್ರೇ. ಆದ್ರೆ ಜೋರು ಉಸಿರು, ಬೇಗ ಬೇಗ, ಇನ್ನೂ ಜೋರು ಅಂತ ಹುರಿದುಂಬಿಸಿ 30 ಜನರ ಮಧ್ಯೆ ನಾನೂ ಹುರುಪಲ್ಲಿ ಎಳೆದೆಳೆದು ಬಿಟ್ಟೆ, ಎರಡನೇ ಸುತ್ತಿಗೆ ತುಟಿ ಸುತ್ತ ಜುಮ್ ಅಂತು, ಕೈಬೆರಳು ಮರಗಟ್ತು, ತಲೆ ಗಿರ್ರ್. ಗಾಬರಿಯಾಗಿ ಗೋಡೆಗೆ ಒರಗಿ ಕೂತೆ. ಆಮೇಲೆ ಡಾಕ್ಟ್ರೇ ಹೇಳಿದ್ರು, ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡಿದ್ರೆ ರಕ್ತದಲ್ಲಿರೋ ಕಾರ್ಬನ್ ಡೈಆಕ್ಸೈಡ್ ಇಳಿದೋಗತ್ತೆ, ಮೆದುಳಿನ ರಕ್ತನಾಳ ಸಣ್ಣಗಾಗತ್ತೆ, ಅದಕ್ಕೇ ತಲೆ ಸುತ್ತೋದು ಜುಮ್ಮೆನ್ನೋದು, ನಿಧಾನಕ್ಕೆ ಉಸಿರಾಡಿ ಅಂದ್ರೆ ಎದೆ ತುಂಬಾ ಉಸಿರಾಡಿ ಅಂತ ಅರ್ಥ ಅಲ್ಲ ಅಂತ. ನಂಗೆ ಎಲ್ಲಾದ್ರಲ್ಲೂ ಉಪಯೋಗಕ್ಕೆ ಬಂದ ಮಾತು ಅಂದ್ರೆ ಅದೊಂದೇ, ಮತ್ತೆ ಅದು ಸಿಕ್ಕಿದ್ದು ಕ್ಲಾಸಿನ ಹೊರಗೆ.

ನಾಡಿಶೋಧನ, ಅಂದ್ರೆ ಒಂದೊಂದೇ ಮೂಗಿನ ಹೊಳ್ಳೇಲಿ ಉಸಿರಾಡೋದು, ಅಲ್ಲೇ ಕಲ್ತೆ, ಹಿಡಿಸ್ತು, ಆದ್ರೆ ನೆಗಡಿ ಬಂದ್ರೆ ಕೆಲ್ಸಕ್ಕಿಲ್ಲ. ದುಂಬಿ ಥರ ಗುಂಯ್ ಅನ್ನೋ ಭ್ರಾಮರಿನೂ ಪರವಾಗಿಲ್ಲ, ಮಗ ನಗ್ತಾನೆ ಅನ್ನೋದು ಬಿಟ್ರೆ. ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ನಮ್ಮ ಭಾವ ಹೋಗ್ಬಂದ್ರು, ಬೆಳಗ್ಗೆ 4ಕ್ಕೆ ಏಳೋದು, ಪೂರ್ತಿ ಮೌನ, ಫೋನ್ ಮೊದ್ಲೇ ಕೊಟ್ಬಿಡ್ಬೇಕು, ಫೀಸಿಲ್ಲ, ಕೊನೇಲಿ ಮನಸ್ಸಿದ್ರೆ ದಾನ. ನಮ್ಮ ಸರ್ ಹತ್ತು ದಿನ ರಜ ಕೊಡೋ ದಿನ ಅದ್ರ ಬಗ್ಗೆ ಬರೀತೀನಿ.

ಈಗ ಗಡಿಯಾರಕ್ಕೆ ಬರೋಣ. ಅಪ್ಪ ಇದ್ದಾಗ ತಂದಿದ್ದು, ಸೆಕೆಂಡಿಗೆ ಒಂದ್ಸಲ ಟಿಕ್ ಅನ್ನೋ ಸಾದಾ ಕ್ವಾರ್ಟ್ಜ್. ಒಂದು ಬೆಳಗ್ಗೆ ಕುಕ್ಕರ್ ಇಟ್ಟು ಸ್ಟೂಲ್ ಮೇಲೆ ಕೂತಿದ್ದೆ, ಫೋನ್ ಚಾರ್ಜಿಗೆ ಹಾಕಿದ್ದೆ, ಸುಮ್ನೆ ಟಿಕ್ ಟಿಕ್ಕಿಗೆ ಉಸಿರು ಸೇರಿಸಿದೆ. ನಾಲ್ಕು ಟಿಕ್ಕಿಗೆ ಒಳಗೆ, ನಾಲ್ಕಕ್ಕೆ ಹೊರಗೆ. ತಡೆದು ಹಿಡಿಯೋ ರಗಳೆಯಿಲ್ಲ. ಒಂದು ವಾರ ಅಷ್ಟೇ ಮಾಡಿ ಆಮೇಲೆ ಐದಕ್ಕೆ ಐದು ಮಾಡ್ದೆ, ಹತ್ತು ಸೆಕೆಂಡಿಗೆ ಒಂದು ಉಸಿರು, ನಿಮಿಷಕ್ಕೆ ಆರು. ಹೃದಯದ ಬಡಿತ ಮತ್ತೆ ಉಸಿರು ಒಂದಕ್ಕೊಂದು ಚೆನ್ನಾಗಿ ತಾಳ ಹಾಕೋದು ಸುಮಾರು ಈ ಆರರ ಹತ್ರನೇ ಅಂತಾರೆ. ಪುಸ್ತಕ ಬೇಡ, ನೀವೇ ಮಣಿಕಟ್ಟಲ್ಲಿ ಹೆಬ್ಬೆರಳ ಬುಡದ ನಾಡಿ ಮೇಲೆ ಎರಡು ಬೆರಳಿಟ್ಕೊಂಡು ನೋಡಿ, ಉಸಿರು ಒಳಗೆ ಎಳ್ಕೊಳ್ತಾ ಬಡಿತ ಚುರುಕಾಗತ್ತೆ, ನಿಧಾನಕ್ಕೆ ಬಿಡ್ತಾ ಹೋದಂಗೆ ಒಂದಕ್ಕೊಂದು ದೂರ ದೂರ ಆಗತ್ತೆ, ಟಪ್, ಟಪ್... ಟಪ್. ಮೊದಲ್ನೇ ಸಲ ಅದು ಬೆರಳಿಗೆ ಗೊತ್ತಾದಾಗ ಬೇಳೆ ಬೆಂದು ಮೂರು ವಿಶಿಲ್ ಆದ್ರೂ ಎದ್ದಿರಲಿಲ್ಲ. 2,799ಕ್ಕೆ ಇದನ್ನ ಯಾರೂ ತೋರಿಸಿರಲಿಲ್ಲ.

ಸಂಜೆ ಅಮ್ಮಂಗೆ ಹೇಳಿದೆ, ಅವ್ರು ಜಪಮಾಲೆ ಕೆಳಗಿಡದೇನೇ, "ಇದಕ್ಕೆ ದುಡ್ಡು ಬೇರೆ ಕೊಟ್ಯೇನೇ?" ಅಂದ್ರು. ಅವ್ರಿಗೆ ಹೇಳಿದ್ರೆ ಇನ್ನೂ ಜಂಬ ಬರತ್ತೆ ಅಂತ ಹೇಳಿಲ್ಲ, ಇಲ್ಲಿ ಹೇಳ್ತೀನಿ: 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತೆ ಜೊತೆಯವ್ರು 23 ಜನರ ಮೇಲೆ ಮಾಡಿದ ಒಂದು ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್ನಲ್ಲಿ ಬಂತು, ಕ್ರೈಸ್ತರ ಜಪಸರದ ಲ್ಯಾಟಿನ್ ಪ್ರಾರ್ಥನೆ ಹೇಳಿದ್ರೂ "ಓಂ ಮಣಿ ಪದ್ಮೇ ಹೂಂ" ಅಂದ್ರೂ ಉಸಿರು ತಾನಾಗೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯತ್ತೆ ಅಂತ. ಅಮ್ಮನ ಮಾಲೇಲಿ 108 ಮಣಿ, ಮಣಿಗೊಂದು ಉಸಿರಂತೆ ನಿಮಿಷಕ್ಕೆ ಆರಾದ್ರೆ ಸರಿಯಾಗಿ 18 ನಿಮಿಷ. ಭಾನುವಾರ ನಾನೂ ಆ ಮಾಲೆ ಎರವಲು ತಗೊಳ್ತೀನಿ, ಕಣ್ಣು ಮುಚ್ಚಿ ಕೂರಬಹುದು, ಎಣಿಸೋ ತಲೆನೋವಿಲ್ಲ. ಬೇರೆ ದಿನ 5 ನಿಮಿಷ, 30 ಉಸಿರು, ಬೆರಳ ಗೆಣ್ಣಲ್ಲಿ.

ಆಫೀಸಲ್ಲಿ ಗಡಿಯಾರ ಕೇಳಲ್ಲ. ಅಲ್ಲಿಗೆ ನಿಟ್ಟುಸಿರು. ಮೂಗಲ್ಲಿ ಒಂದು ಉಸಿರು ಎಳೆದು, ಅದ್ರ ಮೇಲೆ ಇನ್ನೊಂದು ಚೂರು ಎಳೆದು, ಬಾಯಿಂದ ಉದ್ದಕ್ಕೆ ಬಿಡೋದು. ಸ್ಟ್ಯಾನ್‌ಫೋರ್ಡ್‌ನವರು ಜನರ ಕೈಲಿ ಇದನ್ನ ದಿನಕ್ಕೆ 5 ನಿಮಿಷ ಒಂದು ತಿಂಗಳು ಮಾಡ್ಸಿ 2023ರಲ್ಲಿ ವರದಿ ಕೊಟ್ರು, ಸುಮ್ನೆ ಕೂತು ಉಸಿರು ಗಮನಿಸೋ ಧ್ಯಾನಕ್ಕಿಂತ ಇದ್ರಲ್ಲೇ ಮೂಡ್ ಜಾಸ್ತಿ ಸುಧಾರಿಸ್ತಂತೆ. ಬಿಲ್ಲು ಟ್ಯಾಲಿ ಆಗ್ದಿದ್ದಾಗ ನಮ್ಮ ಆಫೀಸಲ್ಲಿ ಎಲ್ಲರೂ ಮಾಡೋದು ಅದನ್ನೇ, ಹೆಸ್ರು ಗೊತ್ತಿರ್ಲಿಲ್ಲ ಅಷ್ಟೇ.

ಬಿಪಿ ಕಥೆ ಕೇಳ್ತೀರ ಅಂತ ಗೊತ್ತು. 5 ನಿಮಿಷ ಮಾಡಿದ ತಕ್ಷಣ ನೋಡಿದ್ರೆ 128, 130 ಬರ್ತಿತ್ತು, ಹಿಗ್ಗಿ ಡಾಕ್ಟ್ರಿಗೆ ತೋರಿಸಿದೆ, ಅವ್ರು "ಆಗ ಇಳಿದೇ ಇರತ್ತಮ್ಮ, ಬೆಳಗ್ಗೆ ಎದ್ದು ನೋಡಿ ಬರ್ಕೊಳ್ಳಿ" ಅಂದ್ರು. ಬೆಳಗಿನದು ಈಗ 132ರ ಆಸುಪಾಸು, ಅದ್ರಲ್ಲಿ ಉಪ್ಪಿನಕಾಯಿ ಬಿಟ್ಟಿದ್ದೆಷ್ಟು, ವಾಕಿಂಗ್ ಎಷ್ಟು, ಉಸಿರೆಷ್ಟು ಅಂತ ನಂಗೆ ಬಿಡಿಸೋಕಾಗಲ್ಲ. ಮಾತ್ರೆ ತಗೊಳ್ತಿರೋರು ಇದನ್ನ ನಂಬಿ ಮಾತ್ರೆ ಬಿಡ್ಬೇಡಿ. ಕಣ್ಣು ಮುಚ್ಚಿ ಉಸಿರು ಗಮನಿಸಿದ್ರೆ ಗಾಬರಿ ಇನ್ನೂ ಜಾಸ್ತಿ ಆಗೋರೂ ಇರ್ತಾರೆ, ಅಂಥೋರು ಒತ್ತಾಯಕ್ಕೆ ಮಾಡೋದು ಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ನಿಮ್ಗೆ ಮಲ್ಕೊಂಡು ಕೇಳೋದು ಇಷ್ಟ, ರಾತ್ರಿ ಅರ್ಧ ಗಂಟೆ ಸಿಗತ್ತೆ ಅಂದ್ರೆ ಯೋಗನಿದ್ರಾ ವಿಡಿಯೋನೇ ಸರಿ, ಆ್ಯಡ್ ಇಲ್ಲದ ಹಂಗೆ ಆಡಿಯೋ ಇಳಿಸ್ಕೊಳ್ಳೋಕಾದ್ರೆ ಇಳಿಸ್ಕೊಳ್ಳಿ. ಒಬ್ರೇ ಕೂರೋಕೆ ಸೋಮಾರಿತನ ಅನ್ನೋರು ಕ್ಲಾಸಿಗೆ ಹೋಗಿ, ಜೋರು ಉಸಿರು ಬಂದಾಗ ಅರ್ಧಕ್ಕೆ ನಿಲ್ಸಿ. ನಂಗೆ ಸಿಗೋದೇ ಕುಕ್ಕರ್ ವಿಶಿಲ್ ಹಾಕೋ ಹೊತ್ತು, ಯಾರಾದ್ರೂ ಹಿಂಗೆ ಮಾಡು ಹಂಗೆ ಮಾಡು ಅಂದ್ರೆ ಮೈ ಉರಿಯೋ ಸ್ವಭಾವ ಬೇರೆ, ಹಂಗಾಗಿ ಟಿಕ್ ಅನ್ನೋದು ಬಿಟ್ಟು ಬೇರೇನೂ ಹೇಳದ ಗಡಿಯಾರ. ತಗೊಳ್ಳೋರು ಅಂಗಡೀಲಿ ಕಿವಿ ಇಟ್ಟು ಕೇಳಿ ತಗೊಳ್ಳಿ, ಈಗ ಬರೋದ್ರಲ್ಲಿ ಸೆಕೆಂಡ್ ಮುಳ್ಳು ಸದ್ದಿಲ್ಲದೆ ಜಾರ್ಕೊಂಡು ಹೋಗೋವೂ ಇವೆ, ಅವು ಇದಕ್ಕೆ ಆಗಲ್ಲ.

ಆ್ಯಪ್ ಮಾರ್ಚ್‌ವರ್ಗೂ ಇದೆ. ನಮ್ಮನೆಯವ್ರು ರಾತ್ರಿ ಅದ್ರಲ್ಲಿ ಮಳೆ ಸದ್ದು ಹಾಕ್ಕೊಂಡು ಎರಡೇ ನಿಮಿಷಕ್ಕೆ ಗೊರಕೆ ಶುರು ಮಾಡ್ತಾರೆ, ಆಮೇಲೆ ಮಳೆ ನಿಲ್ಸೋಕೆ ನಾನು ಏಳ್ಬೇಕು. ಆಟೋಪೇ ಮಾತ್ರ ಕಿತ್ತಾಕಿದೀನಿ, ಹೋಗಿದೆಯೋ ಇಲ್ವೋ ಅಂತ ಎರಡು ಸಲ ನೋಡ್ದೆ.