ರೆಸಿಲಿಯನ್ಸ್4ಜೆ: ಬಿದ್ದ ಸೇವೆಗೆ ಮದ್ದು, ನಿಧಾನವಾದ ಸೇವೆಗೆ ಅಲ್ಲ

ಹಲವು ವೆಬ್ ಸೇವೆಗಳನ್ನು ಜೋಡಿಸಿ ಕಟ್ಟಿದ ವ್ಯವಸ್ಥೆಯಲ್ಲಿ ಸಣ್ಣ ಕೊರತೆಗಳು ಗುಣಿಸಿಕೊಂಡು ಬೆಳೆಯುತ್ತವೆ: ಒಂದರ ನಂತರ ಒಂದು ಕರೆಯುವ ಐದು ಸೇವೆಗಳು ತಲಾ ಶೇ. 99.9ರಷ್ಟು ಲಭ್ಯವಿದ್ದರೂ ಒಟ್ಟು ಲಭ್ಯತೆ ಶೇ. 99.5ಕ್ಕೆ ಇಳಿಯುತ್ತದೆ. ಇದನ್ನು ತಡೆಯಲು ಜಾವಾ ಭಾಷೆಯ ತಂತ್ರಜ್ಞರು ನೆಚ್ಚಿಕೊಂಡಿದ್ದ ಹಿಸ್ಟ್ರಿಕ್ಸ್ ಎಂಬ ಲೈಬ್ರರಿಯ (ಸಿದ್ಧ ಕೋಡ್ ಸಂಗ್ರಹದ) ಅಭಿವೃದ್ಧಿಯನ್ನು ನೆಟ್‌ಫ್ಲಿಕ್ಸ್ 2018ರಲ್ಲಿ ನಿಲ್ಲಿಸಿ, ಹೊಸ ಯೋಜನೆಗಳಿಗೆ ಸೂಚಿಸಿದ ಲೈಬ್ರರಿಯೇ ರೆಸಿಲಿಯನ್ಸ್4ಜೆ.

ಇದರ ಸರ್ಕ್ಯೂಟ್ ಬ್ರೇಕರ್ ಮೆಚ್ಚುವಂತಿದೆ. ಕಳೆದ 100 ಕರೆಗಳಲ್ಲಿ ಅರ್ಧದಷ್ಟು ವಿಫಲವಾದರೆ ಆ ಸೇವೆಯತ್ತ ಹೋಗುವ ದಾರಿಯನ್ನು 60 ಸೆಕೆಂಡು ಮುಚ್ಚಿ, ಆಮೇಲೆ 10 ಕರೆಗಳನ್ನು ಮಾತ್ರ ಬಿಟ್ಟು, ಅವುಗಳ ಫಲ ನೋಡಿ ತೆರೆಯಬೇಕೋ ಬೇಡವೋ ಎಂದು ತಾನೇ ನಿರ್ಧರಿಸುತ್ತದೆ. ಬೇಕಾದ ಮಾಡ್ಯೂಲನ್ನಷ್ಟೇ ಸೇರಿಸಿಕೊಳ್ಳಬಹುದು ಎಂಬುದೂ ಅನುಕೂಲವೇ.

ಆದರೆ ನಾವು ಬದಲಿಸದಿದ್ದರೆ ಅನ್ವಯವಾಗುವ ಇದರ ಪೂರ್ವನಿಗದಿತ ಮೌಲ್ಯಗಳನ್ನು ಹಾಗೆಯೇ ನಂಬುವುದು ಅಪಾಯಕರ. ಕರೆಯೊಂದು 60 ಸೆಕೆಂಡು ಮೀರಿದರಷ್ಟೇ ಅದನ್ನು 'ನಿಧಾನ' ಎಂದು ಎಣಿಸುವ, ಅದೂ ಶೇ. 100ರಷ್ಟು ಕರೆಗಳು ಹಾಗಾದಾಗ ಮಾತ್ರ ಎಚ್ಚರಗೊಳ್ಳುವ ಕಾವಲು ಯಾರಿಗೆ ಬೇಕು? ಅಷ್ಟು ಹೊತ್ತಿಗೆ ಬಳಕೆದಾರ ಬ್ರೌಸರ್ ಮುಚ್ಚಿ ಎದ್ದು ಹೋಗಿರುತ್ತಾನೆ. ಸೇವೆ ಪೂರ್ತಿ ಬಿದ್ದರೆ ತಕ್ಷಣ ತಿಳಿಯುತ್ತದೆ. ಎಂಟು ಸೆಕೆಂಡಿಗೆ ಉತ್ತರ ಕೊಡುತ್ತ ಕುಂಟುವ ಸೇವೆಯೇ ಥ್ರೆಡ್‌ಗಳನ್ನು (ಕೋರಿಕೆಗಳನ್ನು ನಡೆಸುವ ಎಳೆಗಳನ್ನು) ಹಿಡಿದಿಟ್ಟುಕೊಂಡು ಇಡೀ ಜೋಡಣೆಯನ್ನು ಕೆಳಗೆಳೆಯುವುದು.

ರಿಟ್ರೈ, ಅಂದರೆ ವಿಫಲವಾದ ಕರೆಯನ್ನು ಮತ್ತೆ ಮಾಡುವ ಸೌಲಭ್ಯದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಬಳಸುವಾಗ ಇದು ಸರ್ಕ್ಯೂಟ್ ಬ್ರೇಕರ್‌ನ ಹೊರಸುತ್ತಿನಲ್ಲಿ ಕೆಲಸ ಮಾಡುವುದರಿಂದ ಪ್ರತಿಯೊಂದು ಮರುಯತ್ನವೂ ಬ್ರೇಕರ್‌ನ ಲೆಕ್ಕಕ್ಕೆ ಪ್ರತ್ಯೇಕ ಕರೆಯಾಗಿ ಸೇರುತ್ತದೆ. ಒಂದರ ಕೆಳಗೊಂದು ಇರುವ ಮೂರು ಹಂತಗಳಲ್ಲೂ ತಲಾ ಮೂರು ಯತ್ನಗಳನ್ನು ಇಟ್ಟರೆ, ಮೊದಲೇ ಬಳಲಿರುವ ತಳದ ಸೇವೆಯ ಮೇಲೆ ಒಂದೇ ಕೋರಿಕೆಗೆ 27 ಕರೆಗಳು ಬಂದು ಬೀಳಬಹುದು. ಹಣ ಪಾವತಿಯಂತಹ, ಎರಡು ಸಲ ನಡೆಯಬಾರದ ಕೆಲಸಕ್ಕಂತೂ ಪುನರಾವರ್ತನೆಯನ್ನು ಗುರುತಿಸುವ ವ್ಯವಸ್ಥೆಯಿಲ್ಲದೆ ರಿಟ್ರೈ ಹಾಕಲೇಬಾರದು.

ಕೆಟ್ಟ ಸೇವೆಯ ಬದಲಿಗೆ ಯಾವುದನ್ನು ಆರಿಸಬೇಕು, ಇಡೀ ಕೋರಿಕೆಗೆ ಎಷ್ಟು ಸಮಯ ಉಳಿದಿದೆ ಎಂಬ ಲೆಕ್ಕವನ್ನು ಈ ಲೈಬ್ರರಿ ಇಡುವುದಿಲ್ಲ. ಫಾಲ್‌ಬ್ಯಾಕ್ (ಕರೆ ವಿಫಲವಾದಾಗ ನಡೆಯುವ ಬದಲಿ ಕೋಡ್) ಬರೆಯುವವರೇ ಅದನ್ನು ನೋಡಿಕೊಳ್ಳಬೇಕು. ಎರಡನೇ ಆವೃತ್ತಿಗೆ ಜಾವಾ 17 ಕಡ್ಡಾಯ. ಬಳಸುವವರು ಮೊದಲು ಮೈಕ್ರೋಮೀಟರ್ ಎಂಬ ಅಳತೆಯ ಲೈಬ್ರರಿಯ ಮೂಲಕ ತಮ್ಮ ಸೇವೆಗಳ ನಿಜವಾದ ವೇಗವನ್ನು ಅಳೆದು, ನಿಧಾನಗತಿಯ ಮಿತಿಯನ್ನು ಅದಕ್ಕೆ ತಕ್ಕಂತೆ ಇಳಿಸಿಕೊಳ್ಳುವುದು ಒಳ್ಳೆಯದು.