ಫ್ರೋಜನ್ ರವಿಯೋಲಿ ಕರಗಿ ಮತ್ತೆ ಗಟ್ಟಿಯಾಗಿದ್ದರೆ ಕುದಿಸಿ ತಿನ್ನಬೇಡಿ

ಕೆಲಸದ ದಿನ ರಾತ್ರಿ ಊಟಕ್ಕೆ ಆಗುತ್ತದೆ ಅಂತ ಫ್ರೀಜರ್‌ನಲ್ಲಿ ರವಿಯೋಲಿ, ಟಾರ್ಟೆಲಿನಿಯಂಥ ಹೂರಣ ತುಂಬಿದ ಪಾಸ್ತಾ ಇಟ್ಟುಕೊಳ್ಳುವವರು ಇದನ್ನು ಓದಿ. ಅದರಲ್ಲೂ ಆನ್‌ಲೈನ್‌ನಲ್ಲಿ ತರಿಸುವವರು. ದಾರಿಯಲ್ಲೋ ಗೋದಾಮಿನಲ್ಲೋ ಕರಗಿ, ಮತ್ತೆ ಗಟ್ಟಿಯಾದ ಪ್ಯಾಕೆಟ್ ನಿಮ್ಮ ಕೈಗೆ ಬಂದರೆ ಅದನ್ನು ಒಲೆಗೆ ಏರಿಸಬೇಡಿ. "ಚೆನ್ನಾಗಿ ಕುದಿಸಿದರೆ ಏನೂ ಆಗಲ್ಲ" ಅಂತ ಯಾರೇ ಹೇಳಲಿ, ನಂಬಬೇಡಿ. ನಮಗೆ ಹಾಗೆ ಹೇಳಿದ್ದು ಅದನ್ನು ಮಾರಿದವರೇ.

ನಾವು ತರಿಸಿದ್ದು ಚೀಸ್ ಮತ್ತು ಪಾಲಕ್ ಹೂರಣದ ರವಿಯೋಲಿ. ಡೆಲಿವರಿ ಬಂದಾಗ ಪ್ಯಾಕೆಟ್ ತಣ್ಣಗೆ, ಗಟ್ಟಿಯಾಗಿಯೇ ಇತ್ತು. ಕವರ್ ತುಂಬಾ ಬಣ್ಣದ ಚಿತ್ರ, ಒಳಗಿರುವುದು ಕಾಣುವುದಿಲ್ಲ. ಕತ್ತರಿಸಿದಾಗಲೇ ಗೊತ್ತಾಗಿದ್ದು. ಬಿಡಿಬಿಡಿಯಾಗಿ ಉದುರಬೇಕಿದ್ದ ರವಿಯೋಲಿ ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿತ್ತು. ಪ್ಯಾಕೆಟ್‌ನ ಒಂದು ಮೂಲೆಯಲ್ಲಿ, ಆ ಮೂಲೆಯ ಆಕಾರದಲ್ಲೇ, ತೆಳುವಾದ ಐಸ್ ಪದರ. ಅದಕ್ಕೆ ತಿಳಿ ಹಸಿರು ಬಣ್ಣ. ಅಂದರೆ ಹೂರಣದ ನೀರು ಒಸರಿ, ಕೆಳಗೆ ಇಳಿದು, ಆಮೇಲೆ ಅಲ್ಲೇ ಹೆಪ್ಪುಗಟ್ಟಿದೆ. ಇದಕ್ಕಿಂತ ಸಾಕ್ಷಿ ಬೇಕಾ?

ಫೋಟೋ ತೆಗೆದು ಕಸ್ಟಮರ್ ಕೇರ್‌ಗೆ ಕಳಿಸಿದೆವು. ಉತ್ತರ ಬೇಗನೇ ಬಂತು: "ಸಾಗಣೆಯಲ್ಲಿ ಸ್ವಲ್ಪ ಅಂಟಿಕೊಳ್ಳುವುದು ಸಹಜ. ಕುದಿಯುವ ನೀರಿಗೆ ಹಾಕಿ, ತಾನಾಗೇ ಬಿಟ್ಟುಕೊಳ್ಳುತ್ತದೆ. ಚೆನ್ನಾಗಿ ಕುದಿಸಿದರೆ ಯಾವ ತೊಂದರೆಯೂ ಇಲ್ಲ."

ಬಿಟ್ಟುಕೊಳ್ಳಲಿಲ್ಲ. ಗಡ್ಡೆ ಸೀದಾ ತಳ ಸೇರಿತು. ಹೊರಗಿನವು ಬೆಂದು ಮೆತ್ತಗಾದರೂ ನಡುವಿನವು ಇನ್ನೂ ಐಸೇ. ಸೌಟಿನಲ್ಲಿ ಬಿಡಿಸಲು ಹೋದರೆ ಹಾಳೆ ಹರಿದು ಹೂರಣ ಹೊರಗೆ. ನೀರೆಲ್ಲ ಹಾಲು ಹಾಲು, ಮೇಲೆ ಚೀಸ್‌ನ ಚೂರುಗಳು. ಉಳಿದದ್ದನ್ನು ಟೊಮೆಟೊ ಸಾಸ್‌ಗೆ ಹಾಕಿ ಬಡಿಸಿದ್ದಾಯಿತು. ಸಾಸ್‌ನ ಹುಳಿಯಲ್ಲಿ ಬೇರೆ ಹುಳಿ ಗೊತ್ತಾಗುವುದಿಲ್ಲ ನೋಡಿ, ಯಾರ ನಾಲಿಗೆಗೂ ಸಂಶಯ ಬರಲಿಲ್ಲ. ಮಲಗುವ ಹೊತ್ತಿಗೆ ಒಬ್ಬೊಬ್ಬರಿಗೇ ವಾಂತಿ ಶುರು. ಬೆಳಗಿನವರೆಗೂ ಯಾರೂ ಸರಿಯಾಗಿ ಮಲಗಲಿಲ್ಲ. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಲ್ಲ, ಹಾಗಾಗಿ ಅದರಿಂದಲೇ ಆಯಿತು ಅಂತ ಆಣೆ ಮಾಡಿ ಹೇಳುವುದಿಲ್ಲ. ಆದರೆ ಅದನ್ನು ಮುಟ್ಟದೆ ಬರೀ ಬ್ರೆಡ್ ತಿಂದ ಒಬ್ಬರು ಮಾತ್ರ ಹಾಯಾಗಿದ್ದರು.

ಕುದಿಸಿದರೆ ಕ್ರಿಮಿ ಸಾಯುತ್ತದಲ್ವಾ, ಮತ್ತೇನು ಅಂತ ಕೇಳಬಹುದು. ಕ್ರಿಮಿ ಸಾಯುತ್ತದೆ, ನಿಜ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬೆಳೆಯುವಾಗ ಆಹಾರದಲ್ಲಿ ವಿಷ ಬಿಡುತ್ತವೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಅಂಥದ್ದೊಂದು. ಅದು ಬಿಡುವ ವಿಷ ಕುದಿಯುವ ನೀರಿಗೂ ಜಗ್ಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಫ್ರೀಜರ್ ಕೂಡ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಮೈನಸ್ 18 ಡಿಗ್ರಿಯಲ್ಲಿ ಸುಮ್ಮನಿದ್ದದ್ದು 5 ಡಿಗ್ರಿ ದಾಟಿದರೆ ಮತ್ತೆ ಬೆಳೆಯಲು ಶುರು ಮಾಡುತ್ತದೆ. 5ರಿಂದ 60 ಡಿಗ್ರಿ ನಡುವೆ ಅವಕ್ಕೆ ಹಬ್ಬ. ಒಣ ಪಾಸ್ತಾಕ್ಕೆ ಈ ಭಯ ಇಲ್ಲ, ಅದರಲ್ಲಿ ಬೆಳೆಯಲು ಬೇಕಾದಷ್ಟು ನೀರೇ ಇರುವುದಿಲ್ಲ. ಹೂರಣ ತುಂಬಿದ ಪಾಸ್ತಾದಲ್ಲಿ ಚೀಸ್, ಮೊಟ್ಟೆ, ಮಾಂಸ, ಬೆಂದ ಸೊಪ್ಪು ಎಲ್ಲ ಇರುತ್ತದೆ. ಎರಡನ್ನೂ ಒಂದೇ ತರಹ ನೋಡಬೇಡಿ.

ಈಗ ನಾವು ಪ್ಯಾಕೆಟ್ ಕೈಗೆ ಬಂದ ಕೂಡಲೇ, ಡೆಲಿವರಿಯವರು ಬಾಗಿಲಲ್ಲಿ ಇರುವಾಗಲೇ ಅಲ್ಲಾಡಿಸಿ ನೋಡುತ್ತೇವೆ. ಒಳಗೆ ಗಲಗಲ ಅನ್ನಬೇಕು. ಒಂದೇ ಮುದ್ದೆ ಆ ಕಡೆ ಈ ಕಡೆ ಜಾರಿದರೆ ವಾಪಸ್. ಎರಡು ಮೂರು ಅಂಟಿಕೊಂಡಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಪ್ಯಾಕ್ ಮಾಡುವಾಗಲೂ ಹಾಗಾಗಬಹುದು. ಒಳಗೆ ಪುಡಿ ಪುಡಿ ಐಸ್ ಇದ್ದರೆ ತಾಪಮಾನ ಏರಿಳಿದಿರಬಹುದು, ಇಲ್ಲವೇ ತುಂಬಾ ದಿನ ಇಟ್ಟದ್ದಿರಬಹುದು. ಅಂಚಿನಲ್ಲಿ ಬಿಳಿಚಿ ಒಣಗಿದ ಕಲೆ ಇದ್ದರೆ ಅದು ಫ್ರೀಜರ್‌ನ ಒಣ ಗಾಳಿಯ ಕೆಲಸ. ರುಚಿ ಕೆಡುತ್ತದೆ, ಹೊಟ್ಟೆ ಕೆಡುವುದಿಲ್ಲ. ಹೆದರಬೇಕಾದದ್ದು ತಳದಲ್ಲಿ ನೀರು ನಿಂತು ಪದರವಾದ ಐಸ್‌ಗೆ, ಒಂದೇ ಮುದ್ದೆಯಾದ ಪಾಸ್ತಾಗೆ. ಇನ್ನೊಂದು, ವಾಸನೆ ನೋಡಿ ತೀರ್ಮಾನ ಮಾಡಬೇಡಿ. ಈ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ಮನೆಯಲ್ಲಿ ಕರೆಂಟ್ ಹೋಗಿ ಫ್ರೀಜರ್ ನಿಂತರೂ ಲೆಕ್ಕ ಇದೇ. ಒಳಗೆ ಇನ್ನೂ ಐಸ್ ಕಣಗಳಿದ್ದರೆ ಮತ್ತೆ ಫ್ರೀಜ್ ಮಾಡಬಹುದು, ಹದ ಸ್ವಲ್ಪ ಕೆಡುತ್ತದೆ. ಪೂರ್ತಿ ಕರಗಿ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಬೆಚ್ಚಗೆ ಇದ್ದದ್ದಾದರೆ ಎಸೆಯಿರಿ.

ಪ್ಯಾಕೆಟ್ ಚೆನ್ನಾಗಿದ್ದರೆ ಇದರಷ್ಟು ಬೇಗ ಆಗುವ ಊಟ ಕಡಿಮೆ, ನಾವೂ ಬಿಟ್ಟಿಲ್ಲ. ಕರಗಿಸದೆ ಫ್ರೀಜರ್‌ನಿಂದ ನೇರವಾಗಿ ನೀರಿಗೆ ಹಾಕಬೇಕು. ಕರಗಲು ಬಿಟ್ಟರೆ ಹೂರಣದ ನೀರು ಹಾಳೆಗೆ ಇಳಿದು ಅಂಟಂಟಾಗುತ್ತದೆ. ಅರ್ಧ ಕಿಲೋಗೆ ನಾಲ್ಕು ಲೀಟರ್ ನೀರು, ಉಪ್ಪು. ಹಾಕಿದ ಮೇಲೆ ಉರಿ ಸ್ವಲ್ಪ ತಗ್ಗಿಸಿ, ಕೊತಕೊತ ಕುದಿದರೆ ಒಡೆಯುತ್ತವೆ. ತೇಲಿ ಬಂದ ಕೂಡಲೇ ಬೆಂದಿದೆ ಅಂತ ತೆಗೆಯಬೇಡಿ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದರೂ ತೇಲುತ್ತವೆ, ದಪ್ಪ ಹೂರಣ ನಡುವೆ ತಣ್ಣಗೇ ಇರಬಹುದು. ಕವರ್ ಮೇಲೆ ಬರೆದಷ್ಟು ನಿಮಿಷ ಬೇಯಿಸಿ, ಒಂದನ್ನು ಕತ್ತರಿಸಿ ನೋಡಿ. ಮಾಂಸದ ಹೂರಣವಾದರೆ ನಡುವಿನ ಬಿಸಿ 74 ಡಿಗ್ರಿ ಮುಟ್ಟಬೇಕು. ಬಸಿಯುವ ಮೊದಲು ಒಂದು ಲೋಟ ನೀರು ಎತ್ತಿಟ್ಟುಕೊಳ್ಳಿ, ಸಾಸ್‌ಗೆ ಅದರ ಗಂಜಿ ಚೆನ್ನಾಗಿ ಹೊಂದುತ್ತದೆ.

ದೂರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಮೊದಲು "ನೀವು ಬೇಯಿಸಿ ಬಳಸಿದ್ದೀರಿ, ಹಣ ವಾಪಸ್ ಕೊಡಲು ಆಗಲ್ಲ" ಅಂದರು. ಬೇಯಿಸಿ ಅಂದವರೇ ಅವರು! ಅವರದೇ ಚಾಟ್‌ನ ಸ್ಕ್ರೀನ್‌ಶಾಟ್ ಮತ್ತು ಆ ಹಸಿರು ಐಸ್‌ನ ಫೋಟೋ ಕಳಿಸಿದ ಮೇಲೆ ಹಣ ಬಂತು. ಕ್ಷಮೆ ಬರಲಿಲ್ಲ. ನಿಮಗೂ ಹೀಗಾದರೆ ನೀರಿಗೆ ಹಾಕಬೇಡಿ, ಮೊದಲು ಫೋಟೋ ತೆಗೆಯಿರಿ. ಕವರ್ ಮೇಲಿನ ಬ್ಯಾಚ್ ಸಂಖ್ಯೆ, ತಾರೀಖು ಕಾಣಬೇಕು. ಖಾಲಿ ಕವರ್ ಎಸೆಯಬೇಡಿ, ಅದನ್ನೂ ಕೇಳುತ್ತಾರೆ.